ಬಾಡಿಗೆನೇ ಇಎಂಐ ಕಟ್ಟುತ್ತಾ? 80 ಲಕ್ಷದ ಫ್ಲ್ಯಾಟಿನ ಲೆಕ್ಕ

ಒಂದು ಭಾನುವಾರ ಅಕ್ಕನ ಮಗ ಮನೆಗೆ ಬಂದವನು ಫೋನಿನಲ್ಲಿ ಫೋಟೊ ತೋರಿಸಿದ. ಬೆಂಗಳೂರಿನ ಹೊಂಗಸಂದ್ರದ ಕಡೆ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್. ಕಟ್ಟಿ ಆರು ವರ್ಷ ಆಗಿದೆ. ಬೆಲೆ 80 ಲಕ್ಷ. ಈಗಾಗಲೇ ಬಾಡಿಗೆಗೆ ಇದ್ದಾರೆ, ತಿಂಗಳಿಗೆ 25 ಸಾವಿರ. "ಮಾಮ, ಸಾಲ ತಗೊಂಡ್ರೆ ಆಯ್ತು. ಬಾಡಿಗೆನೇ ಇಎಂಐ ಕಟ್ಕೊಂಡು ಹೋಗುತ್ತೆ" ಅಂದ.

ಇದು ಅವನ ಮಾತಲ್ಲ, ಬ್ರೋಕರ್ ಬಾಯಿಂದ ಬಂದದ್ದು ಅಂತ ಕೇಳಿದ ಕೂಡಲೇ ಗೊತ್ತಾಯಿತು. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತೆವು. ಒಂದು ಗಂಟೆ ಹಿಡಿಯಿತು. ಆ ಹಾಳೆಯಲ್ಲಿದ್ದದ್ದೇ ಈ ಬರಹ.

ಮೊದಲು ಬ್ರೋಕರ್ ಹೇಳಿದ ಲೆಕ್ಕ. ವರ್ಷಕ್ಕೆ 3 ಲಕ್ಷ ಬಾಡಿಗೆ, ಬೆಲೆ 80 ಲಕ್ಷ. ಅಂದರೆ ಶೇ. 3.75 ಆದಾಯ. ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ಈ ಎರಡೂ ಸಂಖ್ಯೆ ಸುಳ್ಳು. 80 ಲಕ್ಷಕ್ಕೆ ಫ್ಲ್ಯಾಟ್ ಕೈಗೆ ಬರುವುದಿಲ್ಲ, 3 ಲಕ್ಷವೂ ಕೈಗೆ ಬರುವುದಿಲ್ಲ.

ಬೆಲೆಯಿಂದ ಶುರು ಮಾಡೋಣ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು ಶೇ. 7.6. ಅಂದರೆ 80 ಲಕ್ಷದ ಮೇಲೆ 6 ಲಕ್ಷದ 8 ಸಾವಿರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಹೋಯಿತು. ಬ್ರೋಕರ್ ಕಮಿಷನ್, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್, ಪೇಂಟು, ಗೀಸರು, ಕೆಟ್ಟುಹೋದ ನಲ್ಲಿಗಳು ಎಲ್ಲಾ ಸೇರಿ ಇನ್ನೊಂದು 3 ಲಕ್ಷ. ನಿಜವಾದ ಬೆಲೆ 89 ಲಕ್ಷ. ಕಟ್ಟುತ್ತಿರುವ ಹೊಸ ಫ್ಲ್ಯಾಟ್ ಆಗಿದ್ದರೆ ಇದರ ಜೊತೆ ಶೇ. 5 ಜಿಎಸ್‌ಟಿ. ಮನೆ ಮುಗಿಯುವ ತನಕ ಬಾಡಿಗೆಯೂ ಇಲ್ಲ, ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಇನ್ನು ಬಾಡಿಗೆ. ಬೆಂಗಳೂರಿನಲ್ಲಿ ಒಬ್ಬ ಬಾಡಿಗೆದಾರ ಸರಾಸರಿ ಎರಡು ವರ್ಷ ಇರುತ್ತಾನೆ ಅಂತ ಇಟ್ಟುಕೊಳ್ಳಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ. ಪೇಂಟಿಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇಲ್ಲಿ ಇರುವುದರಿಂದ ಆ ಖರ್ಚು ತಪ್ಪುತ್ತದೆ, ಆದರೆ ಖಾಲಿ ದಿನಗಳು ನಿಮ್ಮ ತಲೆಗೆ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿದೆ. ಜಾಸ್ತಿಯಾಯಿತು ಅನ್ನುವವರು 2020ರಲ್ಲಿ ಐಟಿ ಹುಡುಗರೆಲ್ಲ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಹೋದಾಗ ಎಷ್ಟು ಮನೆಗಳಲ್ಲಿ ಟು-ಲೆಟ್ ಬೋರ್ಡ್ ತಿಂಗಳುಗಟ್ಟಲೆ ನೇತಾಡುತ್ತಿತ್ತು ಅಂತ ನೆನಪು ಮಾಡಿಕೊಳ್ಳಲಿ. ಹೀಗೆ 2,75,000 ಬಂತು. ಇದರಲ್ಲಿ ಆಸ್ತಿ ತೆರಿಗೆ ಸುಮಾರು 10 ಸಾವಿರ. ಬೆಂಗಳೂರಿನ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ಮನೆಯ ದರದ ಎರಡರಷ್ಟು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ರಿಪೇರಿಗೆ 15 ಸಾವಿರ. ಖಾಲಿ ಇದ್ದ ತಿಂಗಳ ಮೇಂಟೆನೆನ್ಸ್ 4 ಸಾವಿರ. ಎರಡು ವರ್ಷಕ್ಕೊಮ್ಮೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ ವರ್ಷಕ್ಕೆ 12,500. ಉಳಿದದ್ದು 2,33,500.

ಅದನ್ನು 89 ಲಕ್ಷಕ್ಕೆ ಭಾಗಿಸಿದರೆ ಶೇ. 2.6. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಸಾಲ. ಎಷ್ಟು ಸಾಲ ಸಿಗುತ್ತದೆ ಅನ್ನುವುದಕ್ಕೆ ಆರ್‌ಬಿಐ ಮಿತಿ ಹಾಕಿದೆ. 30 ಲಕ್ಷದ ತನಕದ ಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದಕ್ಕೂ ಮೇಲೆ ಶೇ. 75. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಇದರಲ್ಲಿ ಸೇರುವುದಿಲ್ಲ, ಅದನ್ನು ಕೈಯಿಂದಲೇ ಹಾಕಬೇಕು. ಇವನಿಗೆ 64 ಲಕ್ಷದ ತನಕ ಸಿಗುತ್ತಿತ್ತು. 60 ಸಾಕು ಅಂದುಕೊಂಡಿದ್ದ. ಹಾಗಾದರೆ ಸ್ವಂತ ದುಡ್ಡು 29 ಲಕ್ಷ ಬೇಕು.

ಶೇ. 8.5 ಬಡ್ಡಿ, 20 ವರ್ಷ ಅವಧಿ ಅಂದರೆ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಬಹಳಷ್ಟು ಲೆಕ್ಕ ಬಾಯಲ್ಲೇ ಆಗುತ್ತದೆ. 2025ರಲ್ಲಿ ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಇಳಿದ ಮೇಲೆ ಇದಕ್ಕಿಂತ ಕಡಿಮೆ ಬಡ್ಡಿಗೂ ಸಾಲ ಸಿಗತೊಡಗಿತು, ನಿಜ. ಆದರೆ ಇವತ್ತಿನ ಬಡ್ಡಿಯನ್ನೇ 20 ವರ್ಷಕ್ಕೆ ನಂಬಿಕೊಳ್ಳಲು ನನಗೆ ಧೈರ್ಯ ಇಲ್ಲ. 60 ಲಕ್ಷಕ್ಕೆ ಇಎಂಐ 52 ಸಾವಿರ. ಕೈಗೆ ಬರುವ ಬಾಡಿಗೆ ತಿಂಗಳಿಗೆ 19,500. ಕೊರತೆ 32 ಸಾವಿರಕ್ಕೂ ಜಾಸ್ತಿ, ಪ್ರತಿ ತಿಂಗಳು, ಸಂಬಳದಿಂದ.

"ಬಾಡಿಗೆ ವರ್ಷ ವರ್ಷ ಏರುತ್ತಲ್ವಾ ಮಾಮ?" ಅಂದ. ಏರುತ್ತದೆ. ಕರಾರಿನಲ್ಲಿ ಸಾಮಾನ್ಯವಾಗಿ ಶೇ. 5 ಅಂತ ಬರೆಯುತ್ತಾರೆ. ಅದನ್ನೂ ಹಾಕಿ ನೋಡಿದೆವು. ಖರ್ಚೂ ಅದೇ ಪ್ರಮಾಣದಲ್ಲಿ ಏರುತ್ತದೆ ಅಂದುಕೊಂಡರೆ, ಹತ್ತನೇ ವರ್ಷದ ಹೊತ್ತಿಗೆ ಬಾಡಿಗೆ ಆ ವರ್ಷದ ಬಡ್ಡಿಗೆ ಸಮ ಆಗುತ್ತದೆ. ಪೂರ್ತಿ ಇಎಂಐಗೆ ಸಮ ಆಗುವುದು ಯಾವಾಗ ಗೊತ್ತಾ? ಇಪ್ಪತ್ತು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಸಾಲವೇ ತೀರಿರುತ್ತದೆ.

ಇದನ್ನೇ ತಿರುಗಿಸಿ ಕೇಳಬಹುದು. ಮೊದಲ ತಿಂಗಳಿಂದಲೇ ಬಾಡಿಗೆ ಇಎಂಐ ಕಟ್ಟಬೇಕು ಅಂದರೆ ಸಾಲ ಎಷ್ಟಿರಬೇಕು? 19,500ನ್ನು 868ರಿಂದ ಭಾಗಿಸಿ. ಇಪ್ಪತ್ತೆರಡೂವರೆ ಲಕ್ಷ. ಉಳಿದ 66 ಲಕ್ಷ ಜೇಬಿನಲ್ಲಿ ಇರುವವರಿಗೆ ಮಾತ್ರ ಆ ಬ್ರೋಕರ್ ಹೇಳಿದ್ದು ನಿಜ.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಬೆಲೆ ಏರುತ್ತದೆ ಅಂತ. ಅದರಲ್ಲಿ ತಪ್ಪೇನಿಲ್ಲ. ಆದರೆ ಎಷ್ಟು ಏರಿದರೆ ಸಾಕು ಅಂತ ಲೆಕ್ಕ ಹಾಕಿದವರನ್ನು ನಾನು ಕಂಡದ್ದು ಕಡಿಮೆ. ಮೊದಲ ವರ್ಷ 60 ಲಕ್ಷದ ಮೇಲೆ ಬಡ್ಡಿ ಸುಮಾರು 5,05,000. ಇಎಂಐಯಲ್ಲಿ ಉಳಿದದ್ದು ಅಸಲು, ಅದು ನಿಮ್ಮದೇ ಉಳಿತಾಯ, ಬಿಡಿ. ಬಡ್ಡಿಯಿಂದ ಕೈಗೆ ಬಂದ ಬಾಡಿಗೆ ಕಳೆದರೆ 2,72,000 ನಷ್ಟ. ಇನ್ನು ಸ್ವಂತದ 29 ಲಕ್ಷ. ಅದನ್ನು ಶೇ. 6.5ಕ್ಕೆ ಎಫ್‌ಡಿ ಇಟ್ಟಿದ್ದರೆ 1,88,000 ಬರುತ್ತಿತ್ತು. ಎರಡೂ ಸೇರಿದರೆ ವರ್ಷಕ್ಕೆ 4,60,000. 80 ಲಕ್ಷದ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಸುಮಾರು ಶೇ. 5.75 ಏರಿದರೆ, ಸುಮ್ನೆ ಎಫ್‌ಡಿ ಇಟ್ಟು ಮಲಗಿದವನ ಸಮಕ್ಕೆ ನೀವು ಬರುತ್ತೀರಿ. ಐದು ವರ್ಷಕ್ಕೇ ಮಾರುವ ಯೋಚನೆ ಇದ್ದರೆ, ಕೊಳ್ಳುವಾಗ ಕೈ ಬಿಟ್ಟ 9 ಲಕ್ಷವನ್ನೂ ಆ ಐದು ವರ್ಷದಲ್ಲೇ ವಾಪಸ್ ಪಡೆಯಬೇಕು. ಆಗ ಬೆಲೆ ವರ್ಷಕ್ಕೆ ಸರಾಸರಿ ಕೊಂಡ ಬೆಲೆಯ ಸುಮಾರು ಶೇ. 8ರಷ್ಟು ಏರಬೇಕು. ವರ್ಷಗಳು ಹೋದಂತೆ ಬಡ್ಡಿ ಇಳಿದು ಬಾಡಿಗೆ ಏರುವುದರಿಂದ ಈ ಭಾರ ಹಗುರ ಆಗುತ್ತಾ ಹೋಗುತ್ತದೆ. ಅದಕ್ಕೇ ಬಾಡಿಗೆ ಫ್ಲ್ಯಾಟಿನಲ್ಲಿ ಆತುರಗಾರನಿಗೆ ಏನೂ ಸಿಗುವುದಿಲ್ಲ.

ಹೊಂಗಸಂದ್ರದಲ್ಲಿ ಬೆಲೆ ಅಷ್ಟು ಏರುತ್ತದೆಯೇ? "ಮೆಟ್ರೊ ಬಂತಲ್ಲ" ಅಂದ ಹುಡುಗ. ಹಳದಿ ಮಾರ್ಗದ ಓಡಾಟ ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ಆದರೆ ಅದರ ಕಂಬಗಳು ಏಳಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು. ಮೆಟ್ರೊ ಬರುತ್ತದೆ ಅನ್ನುವ ಸುದ್ದಿಯ ಬೆಲೆಯನ್ನು ಹಿಂದಿನ ಮಾಲೀಕ ಈ 80 ಲಕ್ಷದೊಳಗೆ ಸೇರಿಸಿಯೇ ಕೇಳುತ್ತಿದ್ದಾನೆ. ಮೆಟ್ರೊದಿಂದ ಬಾಡಿಗೆಗೆ ಬೇಗ ಜನ ಸಿಗುತ್ತಾರೆ, ಅದು ನಿಜವಾದ ಲಾಭ. ಬೆಲೆಯ ಜಿಗಿತವನ್ನು ಮಾತ್ರ ಇನ್ನೊಮ್ಮೆ ಎಣಿಸಬಾರದು.

ಬಡ್ಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ರೆಪೊ ಏರಿದರೆ ನಿಮ್ಮ ಬಡ್ಡಿಯೂ ಏರುತ್ತದೆ. 2022ರ ಮೇ ತಿಂಗಳಿಗೆ ಮೊದಲು ರೆಪೊ ಶೇ. 4 ಇತ್ತು. 2023ರ ಫೆಬ್ರವರಿ ಹೊತ್ತಿಗೆ ಶೇ. 6.5. ಒಂದು ವರ್ಷವೂ ತುಂಬದೆ ಎರಡೂವರೆ ಅಂಶ ಏರಿತು. ಶೇ. 7ಕ್ಕೆ 60 ಲಕ್ಷ ಸಾಲ ತಗೊಂಡವರ ಇಎಂಐ 46,500. ಬಡ್ಡಿ ಶೇ. 9.5 ಆದಾಗ ತಿಂಗಳ ಬಡ್ಡಿಯೊಂದೇ 47,500. ಅಂದರೆ ಹಳೇ ಇಎಂಐ ಬಡ್ಡಿಗೂ ಸಾಲದು, ಕಂತು ಕಟ್ಟುತ್ತಲೇ ಇದ್ದರೂ ಸಾಲ ಬೆಳೆಯುತ್ತದೆ! ಇಎಂಐ ಮುಟ್ಟದೆ ಅವಧಿಯನ್ನು ಮಾತ್ರ ಎಳೆಯುವುದು ಬ್ಯಾಂಕುಗಳ ಅಭ್ಯಾಸ. ಎಷ್ಟೋ ಜನರ 20 ವರ್ಷದ ಸಾಲ ಅವರಿಗೆ ತಿಳಿಯದೆಯೇ ನಿವೃತ್ತಿಯ ಆಚೆಗೆ ಹೋಗಿ ಕೂತದ್ದು ಹೀಗೆ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಇದಕ್ಕೆ ಸೂಚನೆ ಕೊಟ್ಟಿತು. ದರ ಬದಲಾದಾಗ ಇಎಂಐ ಏರಿಸಬೇಕೋ, ಅವಧಿ ಏರಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪ ಬೇಕೋ ಅಂತ ಸಾಲಗಾರನನ್ನು ಕೇಳಬೇಕು. ಕೇಳದಿದ್ದರೆ ನೀವೇ ಬ್ರಾಂಚಿಗೆ ಹೋಗಿ ಕೇಳಿ.

ಬಾಡಿಗೆಗೆ ಅಂತ ಕೊಂಡ ಮನೆಗೆ ಇದು ದುಪ್ಪಟ್ಟು ಪೆಟ್ಟು. ಬಡ್ಡಿ ಏರಿತು ಅಂತ ಬಾಡಿಗೆದಾರನಿಗೆ ಹೇಳಿ ಬಾಡಿಗೆ ಏರಿಸಲು ಆಗುತ್ತದೆಯೇ? ಹಾಗಾಗಿ ಲೆಕ್ಕ ಹಾಕುವಾಗ ಬಡ್ಡಿ ಎರಡು ಅಂಶ ಏರಿ, ಮನೆ ಮೂರು ತಿಂಗಳು ಖಾಲಿ ಬಿದ್ದರೂ ಕಂತು ಕಟ್ಟಬಲ್ಲೆನೇ ಅಂತ ನೋಡಿಕೊಳ್ಳಬೇಕು. ಆರು ಇಎಂಐಯಷ್ಟು ದುಡ್ಡು ಪಕ್ಕದಲ್ಲಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಒಂದು ಅನುಕೂಲವೂ ಇದೆ. ಫ್ಲೋಟಿಂಗ್ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೋನಸ್ ಬಂದಾಗ ವರ್ಷಕ್ಕೆ ಒಂದು ಇಎಂಐ ಜಾಸ್ತಿ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ.

"ಹಾಗಾದ್ರೆ ಲೀಸಿಗೆ ಕೊಟ್ಟುಬಿಟ್ರೆ?" ಅಂದ ಅವನು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳಬರು ಭೋಗ್ಯ ಅನ್ನುತ್ತಾರೆ. ಬಾಡಿಗೆ ಇಲ್ಲ. ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಮನೆಯಲ್ಲಿರುವುದು, ಬಿಡುವಾಗ ಅಷ್ಟೂ ವಾಪಸ್. ಮಾಲೀಕನ ಕಡೆಯಿಂದ ನೋಡಿದರೆ ಇದು ಬಾಡಿಗೆಯೇ ಅಲ್ಲ, ಸಾಲ. ಬಡ್ಡಿ ಬದಲು ಮನೆ ಕೊಟ್ಟಿದ್ದಾನೆ ಅಷ್ಟೇ. ಹಾಗೇ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟ ಆಗುತ್ತದೆ. 15 ಲಕ್ಷಕ್ಕೆ ಲೀಸ್ ಕೊಟ್ಟು ಅದನ್ನು ಗೃಹಸಾಲಕ್ಕೆ ಕಟ್ಟಿದರೆ ವರ್ಷಕ್ಕೆ ಉಳಿಯುವ ಬಡ್ಡಿ 1,27,500. ಕೈ ಬಿಟ್ಟ ಬಾಡಿಗೆ 2,33,500. ನಷ್ಟ. ಈ ಫ್ಲ್ಯಾಟಿಗೆ ಲೀಸ್ ಮೊತ್ತ 27 ಲಕ್ಷ ದಾಟಿದರೆ ಮಾತ್ರ ಸಮ. ಅಷ್ಟು ಯಾರು ಕೊಡುತ್ತಾರೆ?

ಹಾಗಾದರೆ 15 ಲಕ್ಷಕ್ಕೆ ಲೀಸ್ ಕೊಡುವ ಮಾಲೀಕ ಯಾರು? ಬೇರೆ ಕಡೆ ಶೇ. 18, 24ರ ಬಡ್ಡಿಗೆ ಸಾಲ ಮಾಡಿಕೊಂಡು, ಅದನ್ನು ತೀರಿಸಲು ದುಡ್ಡು ಬೇಕಾದವನು. ಅವನಿಗೆ ಇದು ಅಗ್ಗದ ಸಾಲ. ಲೀಸಿಗೆ ಮನೆ ಹಿಡಿಯುವವರು ಇದನ್ನು ಯೋಚಿಸಬೇಕು. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಮಾಲೀಕ ಕಂತು ನಿಲ್ಲಿಸಿದರೆ, ಮನೆಯ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಕರಾರನ್ನೂ ನೋಂದಣಿ ಮಾಡಿಸದೆ ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಂಡಿರುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ನಮ್ಮ ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೆ ನಿಲ್ಲುವುದು. ಮಾಲೀಕನಾಗಿ ಲೀಸ್ ದುಡ್ಡು ಖರ್ಚು ಮಾಡಿಕೊಂಡರೆ, ವಾಪಸ್ ಕೊಡಲು ಮುಂದಿನ ಲೀಸ್‌ದಾರನನ್ನೇ ಹುಡುಕಬೇಕು. ಇವರ ಟೋಪಿ ಅವರಿಗೆ.

ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಕಳೆಯಬಹುದು. ಆಮೇಲೆ ಸಾಲದ ಬಡ್ಡಿ. ನಮ್ಮ ಲೆಕ್ಕದಲ್ಲಿ 1,85,500 ಉಳಿದು, 5,05,000 ಬಡ್ಡಿ ಕಳೆದಾಗ 3 ಲಕ್ಷಕ್ಕೂ ಮೇಲೆ ನಷ್ಟ ತೋರುತ್ತದೆ. ಬಾಡಿಗೆಗೆ ತೆರಿಗೆ ಇಲ್ಲ, ಸರಿ. ಹಳೇ ತೆರಿಗೆ ಪದ್ಧತಿಯಲ್ಲಿ ಈ ನಷ್ಟದಲ್ಲಿ ವರ್ಷಕ್ಕೆ 2 ಲಕ್ಷದ ತನಕ ಸಂಬಳದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದ ಜೊತೆ ಹೊಂದಿಸುವಂತಿಲ್ಲ. "ಟ್ಯಾಕ್ಸ್ ಉಳಿಯುತ್ತೆ ಸಾರ್" ಅಂತ ಬ್ರೋಕರ್ ಹೇಳುವುದು ಹಳೇ ಪದ್ಧತಿಯ ಮಾತು. ಮಾರುವಾಗ ಎರಡು ವರ್ಷ ದಾಟಿದ್ದರೆ ಲಾಭದ ಮೇಲೆ ಶೇ. 12.5. 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ಹಣದುಬ್ಬರದ ಹೊಂದಾಣಿಕೆ ಇಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಕೂತು ಇಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ಕಿರಿಕಿರಿ ಇದೆ. ಮಾಲೀಕ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬಾಡಿಗೆದಾರ ಬಾಡಿಗೆಯಲ್ಲೇ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅದೂ ಶೇ. 30ಕ್ಕೂ ಮೇಲೆ. ಇದನ್ನು ಕೇಳಿದ ಕೂಡಲೇ ಅರ್ಧ ಬಾಡಿಗೆದಾರರು ಬೇರೆ ಮನೆ ನೋಡುತ್ತಾರೆ.

ಫ್ಲ್ಯಾಟ್ ನೋಡಲು ಹೋದಾಗ ಬ್ರೋಕರ್ ಜೊತೆಗಿಂತ ವಾಚ್‌ಮನ್ ಜೊತೆ ಜಾಸ್ತಿ ಮಾತಾಡು ಅಂತ ಹುಡುಗನಿಗೆ ಹೇಳಿದೆ. ಎಷ್ಟು ಮನೆ ಖಾಲಿ ಇವೆ, ಕೊನೆಗೆ ಬಂದವರು ಎಷ್ಟಕ್ಕೆ ಬಂದರು, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ. ಈ ಮೂರು ಪ್ರಶ್ನೆಗೆ ಉತ್ತರ ಅವನ ಹತ್ತಿರ ಇರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಕಾವೇರಿ ನೀರಿಲ್ಲದ ಅಪಾರ್ಟ್‌ಮೆಂಟುಗಳಲ್ಲಿ ಟ್ಯಾಂಕರ್ ಖರ್ಚು ಏರಿತು. ಮೇಂಟೆನೆನ್ಸ್ ಕಟ್ಟುವುದು ಬಾಡಿಗೆದಾರ ತಾನೇ, ನನಗೇನು ಅನ್ನಬೇಡಿ. ಅವನು ನೋಡುವುದು ತಿಂಗಳಿಗೆ ಒಟ್ಟು ಎಷ್ಟು ಹೋಗುತ್ತದೆ ಅಂತ. ಮೇಂಟೆನೆನ್ಸ್ 2 ಸಾವಿರ ಏರಿದರೆ, ಮುಂದಿನ ಸಲ ಬಾಡಿಗೆ 2 ಸಾವಿರ ಏರಿಸಲು ಬಾಯಿ ಬರುವುದಿಲ್ಲ.

ಕಾಗದ ಪತ್ರದ ಬಗ್ಗೆ ಇಷ್ಟೇ. ಇ-ಖಾತೆ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ), ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪತ್ರ), ಮಾರುವವನ ಸಾಲ ತೀರಿದ ಪತ್ರ, ಇವಿಷ್ಟನ್ನು ನಿಮ್ಮದೇ ವಕೀಲರಿಂದ ನೋಡಿಸಿ. ಬಿ ಖಾತೆಯ, ಅಂದರೆ ಅನುಮೋದನೆಗಳು ಪೂರ್ತಿ ಇಲ್ಲದ, ಆಸ್ತಿ ಅಗ್ಗಕ್ಕೆ ಸಿಗುತ್ತದೆ, ಬಾಡಿಗೆಯೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಕಾಗದದ ಮೇಲೆ ಆದಾಯದ ಪ್ರಮಾಣ ಚೆನ್ನಾಗಿ ಕಾಣುತ್ತದೆ. ಆದರೆ ಸಾಲ ಸಿಗುವುದು ಕಷ್ಟ. ನಿಮಗೆ ಕಷ್ಟವಾದರೆ ನಾಳೆ ನಿಮ್ಮಿಂದ ಕೊಳ್ಳುವವನಿಗೂ ಕಷ್ಟ.

ಲೆಕ್ಕ ಮುಗಿಯುವ ಹೊತ್ತಿಗೆ ಅಕ್ಕ ಕಾಫಿ ತಂದಳು. "ನಮ್ಮ ಅಪ್ಪ ಎರಡು ಮನೆ ಬಾಡಿಗೆಗೆ ಕಟ್ಟಿ ನಮ್ಮನ್ನೆಲ್ಲ ಓದಿಸಲಿಲ್ವಾ? ಅವರಿಗೆ ಹೇಗೆ ಆಯ್ತು?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅಪ್ಪ ಕೊಂಡದ್ದು ಮನೆ ಅಲ್ಲ, 30x40 ಅಡಿಯ ಒಂದು ಸೈಟು, ಅದೂ ವಾಸಕ್ಕೆ ಅಂತ. ಜಾಗ ಮೊದಲೇ ಇತ್ತು. ಬಾಡಿಗೆಗೆ ಮೇಲೆ ಒಂದೊಂದೇ ಮಹಡಿ ಎತ್ತಿದರು. ಇವತ್ತಿನ ಲೆಕ್ಕದಲ್ಲೂ ನೋಡಿ. 900 ಚದರಡಿಯ ಒಂದು ಮಹಡಿಗೆ ಚದರಡಿಗೆ 2,200ರಂತೆ ಹಿಡಿದರೆ 20 ಲಕ್ಷ. ಬಾಡಿಗೆ 18 ಸಾವಿರ ಅಂದರೆ ವರ್ಷಕ್ಕೆ 2,16,000. ಖರ್ಚು ಕಳೆಯುವ ಮೊದಲು, ಹಾಕಿದ ದುಡ್ಡಿನ ಮೇಲೆ ಶೇ. 10ಕ್ಕೂ ಜಾಸ್ತಿ. ಪ್ಲಾನ್ ಪ್ರಕಾರ ಆ ಮಹಡಿಗೆ ಅನುಮತಿ ಇರಬೇಕು, ಅಡಿಪಾಯ ಗಟ್ಟಿ ಇರಬೇಕು, ಅದು ಬೇರೆ ಮಾತು. ಇಲ್ಲಿ ನೆಲಕ್ಕೆ ಹೊಸದಾಗಿ ದುಡ್ಡು ಹೋಗಿಲ್ಲ. ಫ್ಲ್ಯಾಟಿನಲ್ಲಿ ಹೋಗುವ ದುಡ್ಡಿನ ದೊಡ್ಡ ಪಾಲು ನೆಲಕ್ಕೆ, ಬಿಲ್ಡರ್ ಲಾಭಕ್ಕೆ, ಮೆಟ್ರೊ ಸುದ್ದಿಗೆ. ಬಾಡಿಗೆದಾರ ಅದಕ್ಕೆಲ್ಲ ಬಾಡಿಗೆ ಕೊಡುವುದಿಲ್ಲ.

ಹುಡುಗ ಆ ಹಾಳೆಯ ಫೋಟೊ ತೆಗೆದುಕೊಂಡು ಹೋದ. ಮಾರುವವನ ಹತ್ತಿರ 70 ಲಕ್ಷಕ್ಕೆ ಕೇಳಿದನಂತೆ. ಅವನು 78ರ ಕೆಳಗೆ ಇಳಿಯಲಿಲ್ಲ. ಮೊನ್ನೆ ಫೋನ್ ಮಾಡಿದ್ದ, "ಮಾಮ, ತಾತನ ಮನೆ ಪ್ಲಾನ್ ಕಾಪಿ ನಿಮ್ಮ ಬೀರುವಲ್ಲಿ ಇದೆಯಾ ಸ್ವಲ್ಪ ನೋಡ್ತೀರಾ?" ಅಂತ. ಹುಡುಕುತ್ತಿದ್ದೇನೆ.